‘ಡೇಟಾ ಫಿಡ್ಯೂಷಿಯರಿ’ಗೆ ಇಳಕಲ್ಲಿನ ಸಾವಕಾರರು ಒಪ್ಪುವಂಥ ಪದ ಇದೆಯಾ?

ಗೆಳೆಯರೇ, ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಆಗೊಮ್ಮೆ ಈಗೊಮ್ಮೆ ಅನುವಾದ. ಹೋದ ವಾರ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಬಂದಿದ್ದರು. ಈಗ ವಾಟ್ಸ್‌ಆ್ಯಪ್‌ನಲ್ಲೂ ಸ್ವಂತ ವೆಬ್‌ಸೈಟಿನಲ್ಲೂ ಸೀರೆ ಮಾರುತ್ತಾರೆ. ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರು ಯಾಕೆ ತಗೋತೀವಿ ಅಂತ ಹೇಳುವ ಒಂದು ಪುಟದ ಸೂಚನೆ ಅವರಿಗೆ ಕನ್ನಡದಲ್ಲಿ ಬೇಕು. ಹೀಗೆ ಜನರ ಮಾಹಿತಿ ಯಾಕೆ ಬೇಕು, ಹೇಗೆ ಬಳಸಬೇಕು ಅಂತ ತೀರ್ಮಾನಿಸುವವರಿಗೆ ಕಾನೂನು ಇಟ್ಟ ಹೆಸರೇ ‘ಡೇಟಾ ಫಿಡ್ಯೂಷಿಯರಿ’. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಲು ಅವಕಾಶ ಇರಬೇಕು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಆದರೂ ಸಾವಕಾರರಿಗೆ ಅವಸರ.

ಅವರು ಮೊದಲು ಮೊಬೈಲಿನಲ್ಲೇ ಅನುವಾದ ಮಾಡಿಸಿಕೊಂಡು ಬಂದಿದ್ದರು. ಅದರಲ್ಲಿ ‘ಡೇಟಾ ಪ್ರಿನ್ಸಿಪಾಲ್’ (ಅಂದರೆ ಮಾಹಿತಿ ಯಾರದೋ ಅವರು) ಅನ್ನೋದು ‘ದತ್ತಾಂಶ ಪ್ರಾಂಶುಪಾಲರು’ ಆಗಿತ್ತು. “ಇವ್ರು ಯಾವ ಕಾಲೇಜಿನವ್ರರೀ?” ಅಂತ ಕೇಳಿದರು. ನಕ್ಕೆ. ಆದರೆ ಸರಿಯಾದ ಪದ ಹೇಳಿ ಅಂದಾಗ ನನ್ನ ಬಾಯೂ ಕಟ್ಟಿತು.

‘ಮಾಹಿತಿದಾರ’ ಅಂದರೆ ಪೊಲೀಸರಿಗೆ ಸುದ್ದಿ ಕೊಡುವವನು. ‘ಮಾಹಿತಿ ಮಾಲೀಕ’ ಅನ್ನೋಣ ಅಂದರೆ, ಕಾಯ್ದೆ ಒಡೆತನದ ಮಾತೇ ಆಡುವುದಿಲ್ಲ. ‘ಮಾಹಿತಿ ಕೊಟ್ಟವರು’ ಚೆನ್ನಾಗಿದೆ ಅನ್ನಿಸಿತ್ತು. ಅಷ್ಟರಲ್ಲಿ ಸಾವಕಾರರೇ ಒಂದು ಆರ್ಡರ್ ತೋರಿಸಿದರು. ಹುನಗುಂದದ ಗಿರಾಕಿಯೊಬ್ಬರು ಪುಣೆಯ ತಂಗಿಗೆ ಟೋಪ್ ತೆನೆ ಸೆರಗಿನ ಸೀರೆ ಕಳಿಸಿದ್ದಾರೆ. ಕೊಟ್ಟವರು ಅಕ್ಕ. ವಿಳಾಸ, ನಂಬರು ತಂಗಿಯದು. ಕಾಯ್ದೆಗೆ ಬೇಕಾದದ್ದು ಆ ಮಾಹಿತಿ ಯಾರಿಗೆ ಸಂಬಂಧಪಟ್ಟದ್ದೋ ಅವರು. ಹಾಗಾಗಿ ‘ಮಾಹಿತಿಗೆ ಸಂಬಂಧಪಟ್ಟವರು’ ಅಂತ ಬರೆದೆ. ಉದ್ದವಾಯಿತು, ಇರಲಿ.

ನಿಜವಾದ ತಲೆನೋವು ‘ಫಿಡ್ಯೂಷಿಯರಿ’. ಲ್ಯಾಟಿನ್ನಿನ ನಂಬಿಕೆ ಅನ್ನುವ ಮಾತಿನಿಂದ ಬಂದದ್ದು. ನಮ್ಮ ಕಡೆ ಮರಾಠಿಯ ಒಡನಾಟ ಇರುವುದರಿಂದ ‘ವಿಶ್ವಸ್ತ’ ಅಂದರೆ ಟ್ರಸ್ಟಿ ಅಂತ ಗೊತ್ತಾಗುತ್ತದೆ. (ಬೋರ್ಡುಗಳಲ್ಲಿ ‘ವಿಶ್ವಸ್ಥ’ ಅಂತ ಬರೆದಿರುತ್ತಾರೆ. ಅದು ಗೃಹಸ್ಥ, ಸ್ವಸ್ಥ ನೋಡಿ ಆದ ತಪ್ಪು. ತಕಾರವೇ ಸರಿ.) ಆದರೆ ‘ಮಾಹಿತಿ ವಿಶ್ವಸ್ತರಾದ ನಾವು’ ಅಂತ ಅಂಗಡಿಯವರೇ ಬರೆದುಕೊಂಡರೆ ತಮ್ಮ ಬೆನ್ನು ತಾವೇ ತಟ್ಟಿಕೊಂಡ ಹಾಗೆ, ಅಲ್ವಾ? ‘ಧರ್ಮದರ್ಶಿ’ ಅಂದರೆ ಗುಡಿ ಕಣ್ಣಮುಂದೆ ಬರುತ್ತದೆ.

‘ಮಾಹಿತಿ ಇಟ್ಟುಕೊಂಡವರು’ ಅನ್ನಬಹುದಿತ್ತು. ಅದೂ ಕೂಡಿಬರಲಿಲ್ಲ. ಸಾವಕಾರರ ಗಿರಾಕಿಗಳ ಪಟ್ಟಿ ಇರುವುದು ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯ ಸರ್ವರಿನಲ್ಲಿ. ಇಟ್ಟುಕೊಂಡವರು ಅವರು. ಆದರೆ ಯಾಕೆ ಬೇಕು, ಹೇಗೆ ಬಳಸಬೇಕು ಅಂತ ತೀರ್ಮಾನಿಸುವವರು ಸಾವಕಾರರು. ಕಾಯ್ದೆ ಹಿಡಿಯುವುದು ಇವರನ್ನೇ. ಸಾಕಷ್ಟು ಭದ್ರತೆ ಮಾಡದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಹಾಗಾದರೆ ‘ಮಾಹಿತಿ ಹೊಣೆಗಾರ’ ಅಂದೆ. ಅವರಿಗೆ ಸಿಟ್ಟೇ ಬಂತು. “ಹೊಣೆಗಾರ ಅಂದ್ರ ಯಾರೋ ಮಾಡಿದ ಸಾಲಕ್ಕ ನಾ ಸಹಿ ಹಾಕಿದಂಗ ಆತಲ್ರೀ!” ಅವರು ಹೇಳಿದ್ದು ಸುಳ್ಳಲ್ಲ. ಹೊಣೆ ಅಂದರೆ ಜಾಮೀನು ಅನ್ನುವ ಹಳೆಯ ಅರ್ಥ ನಮ್ಮ ಪೇಟೆಯಲ್ಲಿ ಇನ್ನೂ ಗಟ್ಟಿಯಾಗಿದೆ. ಅವರೇ ‘ಜೋಪಾನ ಮಾಡೋರು’ ಅಂತ ಹಾಕಿ ಅಂದರು. ಕೇಳಲು ಹಿತ. ಆದರೆ ಜೋಪಾನ ಕೆಲಸದ ಅರ್ಧ ಮಾತ್ರ. ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೋ ಅನ್ನದಿದ್ದರೆ, ಅಳಿಸಲೂಬೇಕು.

ಅಂದಹಾಗೆ, ಅವರ ಕೆಂಪು ಬಟ್ಟೆಯ ಉದ್ರಿ ಪುಸ್ತಕಕ್ಕೆ ಈ ಕಾಯ್ದೆ ಮುಟ್ಟುವುದಿಲ್ಲ. ಅದರಲ್ಲಿರುವ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದ ದಿನದಿಂದ ಮುಟ್ಟುತ್ತದೆ. ಇದನ್ನು ಕೇಳಿ ಅವರು ಪುಸ್ತಕದ ಮೇಲೆ ಇನ್ನಷ್ಟು ಪ್ರೀತಿ ತೋರಿಸಿದರು.

ಇನ್ನೊಂದು ಪದದಲ್ಲಿ ನನಗೆ ಅನುಮಾನ ಕಡಿಮೆ. ‘ಕನ್ಸೆಂಟ್’ಗೆ ಜಾಸ್ತಿ ಜನ ‘ಸಮ್ಮತಿ’ ಬರೆಯುತ್ತಾರೆ. ನಾನು ‘ಒಪ್ಪಿಗೆ’ ಇಟ್ಟಿದ್ದೇನೆ. ಮೌನ ಸಮ್ಮತಿಯ ಲಕ್ಷಣ ಅಂತ ನಮ್ಮಲ್ಲಿ ಮಾತೇ ಇದೆ. ಕಾಯ್ದೆಯಲ್ಲಿ ಸುಮ್ನೆ ಇದ್ದರೆ ಒಪ್ಪಿದ ಹಾಗಲ್ಲ. ಗಿರಾಕಿ ತಾನೇ ಏನಾದರೂ ಒತ್ತಿ, ಗುರುತು ಹಾಕಿ ತಿಳಿಸಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ತಗೊಳ್ಳಲೂ ಬರಬೇಕು.

ನನ್ನ ಪ್ರಶ್ನೆ ಎರಡು. ವಿಶ್ವಸ್ತ, ಹೊಣೆಗಾರ ಎರಡೂ ಅಲ್ಲದ, ಪೇಟೆಯಲ್ಲಿ ನಡೆಯುವ ಪದ ಯಾರಿಗಾದರೂ ಗೊತ್ತಾ? ಮೈಸೂರು, ಮಂಗಳೂರು ಕಡೆ ‘ಹೊಣೆಗಾರ’ ಅಂದರೆ ಈಗಲೂ ಜಾಮೀನುದಾರನೇ ನೆನಪಾಗುತ್ತಾನಾ? ಸಾವಕಾರರು ಸೋಮವಾರ ಪ್ರೂಫ್ ನೋಡಲು ಬರುತ್ತಾರೆ. ಸದ್ಯಕ್ಕೆ ಆ ಜಾಗದಲ್ಲೆಲ್ಲ ಚುಕ್ಕಿ ಹಾಕಿಟ್ಟಿದ್ದೇನೆ.