ಆರ್ಡರ್ ಆಫ್ ಮಾಲ್ಟಾ: ದರ್ಜೆ, ವಂಶಾವಳಿ, ದಾಖಲೆ – ಸಂಶೋಧಕಿಗೆ ಕೇಳಿ

ಉಡುಪಿ: ನಮಸ್ಕಾರ ಮೇಡಂ. ಆರ್ಡರ್ ಆಫ್ ಮಾಲ್ಟಾಕ್ಕೆ ಸೇರಲು ದೊಡ್ಡ ಮನೆತನದವರೇ ಆಗಬೇಕಾ?

ಸಂಶೋಧಕಿ: ಬೇಕಿಲ್ಲ. ಅದು ರೋಗಿಗಳ ಸೇವೆ ಮಾಡುವ ಕ್ಯಾಥೊಲಿಕ್ ನೈಟ್‌ಗಳ ಸಂಘ. ಅಲ್ಲಿ ಮೂರು ವರ್ಗ. ಮೊದಲನೆಯವರು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವರು. ಹೆಸರಿನ ಮುಂದೆ ‘ಫ್ರಾ’ ಬರುವುದು ಇವರಿಗೆ. ಎರಡನೆಯವರು ವಿಧೇಯತೆಯ ವಾಗ್ದಾನ ಮಾಡಿದವರು, ಸಂಸಾರಸ್ಥರೂ ಇರುತ್ತಾರೆ. ಉಳಿದವರೆಲ್ಲ ಮೂರನೆಯ ವರ್ಗ. ಅದರೊಳಗೆ ‘ಆನರ್ ಅಂಡ್ ಡಿವೋಷನ್’, ‘ಗ್ರೇಸ್ ಅಂಡ್ ಡಿವೋಷನ್’ ದರ್ಜೆಗೆ ಕುಲೀನತೆಯ ಪುರಾವೆ ಕೇಳುತ್ತಾರೆ. ‘ಮ್ಯಾಜಿಸ್ಟ್ರಲ್ ಗ್ರೇಸ್’ಗೆ ಕೇಳುವುದಿಲ್ಲ.

ದುಬೈ: 16 ತಲೆಮಾರಿನ ದಾಖಲೆ ಬೇಕಂತಲ್ಲ?

ಸಂಶೋಧಕಿ: ತಲೆಮಾರಲ್ಲ, ಪೂರ್ವಜರು. ಅಪ್ಪ ಅಮ್ಮ 2, ಅಜ್ಜ ಅಜ್ಜಿ 4, ಮುತ್ತಜ್ಜ ಮುತ್ತಜ್ಜಿ 8, ಅವರನ್ನು ಹೆತ್ತವರು 16. ಜರ್ಮನ್ ಪದ್ಧತಿಯಲ್ಲಿ ಆ 16 ಮಂದಿಯೂ ಕುಲೀನರಾಗಿರಬೇಕು. ಇಟಲಿಯ ಪದ್ಧತಿಯಲ್ಲಿ ಅಜ್ಜ ಅಜ್ಜಿಯರ 4 ಮನೆತನ, ಒಂದೊಂದಕ್ಕೂ 200 ವರ್ಷದ ಕುಲೀನತೆ. ಎಡವುವುದು ಹೆಣ್ಣಿನ ಕಡೆಯಲ್ಲಿ. ಅಪ್ಪನ ಕಡೆಯ ಗೆರೆಯೊಂದನ್ನೇ 300 ವರ್ಷ ಹಿಂದಕ್ಕೆ ಒಯ್ದಿರುತ್ತಾರೆ, ಅಜ್ಜಿಯ ತಾಯಿಯ ತವರು ಯಾವುದೆಂದರೆ ಕಾಗದವಿಲ್ಲ. 16ರ ಪಟ್ಟಿಯಲ್ಲಿ ಒಂದು ಜಾಗ ಖಾಲಿ ಬಿದ್ದರೆ 15 ತುಂಬಿದ್ದರೂ ಆ ಪಟ್ಟಿ ನಿಲ್ಲದು.

ಮಡಂತ್ಯಾರು: ಫಾರ್ವರ್ಡ್ ಬಂದಿದೆ: ‘ಪಿಂಟೊ, ಲೋಬೊ, ಡಿಸೋಜ ಎಲ್ಲರೂ ಪೋರ್ಚುಗೀಸ್ ಕುಲೀನರು, ಲಾಂಛನ ಪಡೆಯಿರಿ.’ ನಿಜವಾ?

ಸಂಶೋಧಕಿ: ಸುಳ್ಳು. ಮತಾಂತರದ ವೇಳೆ ಪೋರ್ಚುಗೀಸ್ ಪಾದ್ರಿಯ ಅಥವಾ ಜ್ಞಾನತಂದೆಯ (ಗಾಡ್‌ಫಾದರ್) ಅಡ್ಡಹೆಸರು ಬಂತು, ರಕ್ತಸಂಬಂಧ ಬರಲಿಲ್ಲ. ಲಾಂಛನ ಇರುವುದು ಒಂದು ಮನೆತನಕ್ಕೆ, ಅಡ್ಡಹೆಸರಿಗಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಬೆಂಗಳೂರು: ಮೇಡಂ, ನಮ್ಮ ಮಾವನವರಿಗೆ ‘ಮಾಲ್ಟಾ ನೈಟ್ಸ್, ರಷ್ಯಾ ಪ್ರಯರಿ’ (ಶಾಖೆ) ಅಂತ ಇಮೇಲ್ ಬಂದಿದೆ. 2 ಲಕ್ಷ ಕಟ್ಟಿದರೆ ‘ಸರ್’ ಬಿರುದು, ರಾಜತಾಂತ್ರಿಕ ಪಾಸ್‌ಪೋರ್ಟ್ ಕೊಡ್ತಾರಂತೆ. ನಾಳೆ ಕಟ್ಟುವುದು ಅಂತಿದ್ದಾರೆ.

ಸಂಶೋಧಕಿ: ಕಟ್ಟಲು ಬಿಡಬೇಡಿ. 1798ರಲ್ಲಿ ನೆಪೋಲಿಯನ್ ಮಾಲ್ಟಾ ವಶಪಡಿಸಿಕೊಂಡಾಗ ಕೆಲವು ನೈಟ್‌ಗಳು ರಷ್ಯಾದ ಝಾರ್ 1ನೇ ಪಾಲ್‌ನನ್ನು ಗ್ರ್ಯಾಂಡ್ ಮಾಸ್ಟರ್, ಅಂದರೆ ಆರ್ಡರ್‌ನ ಮುಖ್ಯಸ್ಥ, ಎಂದು ಆರಿಸಿದರು. ಆತ ಆರ್ಥೊಡಾಕ್ಸ್, ಮೇಲಾಗಿ ವಿವಾಹಿತ, ಪೋಪ್ ಒಪ್ಪಲಿಲ್ಲ. ಆ ಹೆಸರನ್ನು ಹಿಡಿದು ಬಿರುದು ಮಾರುವವರು ಇಂದಿಗೂ ಇದ್ದಾರೆ. ರೋಮ್‌ನಲ್ಲಿರುವ ಆರ್ಡರ್‌ಗೆ ಅರ್ಜಿ ಹಾಕಿ ಸೇರುವ ಪದ್ಧತಿಯೇ ಇಲ್ಲ. ಬಲ್ಲ ಸದಸ್ಯರ ಆಹ್ವಾನ, ಚರ್ಚಿನ ಗುರುಗಳ ಶಿಫಾರಸು, ರೋಗಿಗಳ ಸೇವೆ, ಸಿದ್ಧತೆಯ ಕಾಲ, ಆಮೇಲೆ ತೀರ್ಮಾನ. ಸೇರುವಾಗ ಕಾಣಿಕೆ ಇರಬಹುದು, ಆದರೆ ದುಡ್ಡು ಕೊಟ್ಟು ಸ್ಥಾನ ಕೊಳ್ಳಲಾಗದು. ಪಾಸ್‌ಪೋರ್ಟ್ ಸಿಗುವುದು ಹುದ್ದೆಯಲ್ಲಿರುವವರಿಗೆ, ಹುದ್ದೆ ಇರುವಷ್ಟು ದಿನ. ಮಾವನವರಿಗೆ ಸಂವಿಧಾನದ 18ನೇ ವಿಧಿ ತೋರಿಸಿ: ಭಾರತದ ಪ್ರಜೆ ವಿದೇಶಿ ರಾಷ್ಟ್ರದ ಬಿರುದು ಸ್ವೀಕರಿಸುವಂತಿಲ್ಲ. ಇಮೇಲ್ ಅಳಿಸಬೇಡಿ, ಅದೇ ಸಾಕ್ಷಿ.

ಮೂಡಬಿದಿರೆ: ಗ್ರ್ಯಾಂಡ್ ಮಾಸ್ಟರ್ ಕುಲೀನನೇ ಆಗಬೇಕಲ್ಲ?

ಸಂಶೋಧಕಿ: ಆರ್ಡರ್‌ನ 2022ರ ಹೊಸ ಸಂವಿಧಾನದಲ್ಲಿ ಆ ಷರತ್ತು ತೆಗೆದಿದ್ದಾರೆ. ಅವಧಿಯೂ ಈಗ 10 ವರ್ಷ.

ದುಬೈ: ನಮ್ಮ ಮನೆತನದ ದಾಖಲೆ 1650ರಿಂದ ಮಂಗಳೂರಿನಲ್ಲಿದೆ.

ಮೂಡಬಿದಿರೆ: 1784ರಲ್ಲಿ ಟಿಪ್ಪು ಕೆನರಾದ ಚರ್ಚುಗಳನ್ನು ಕೆಡವಿಸಿದ. ಯಾವ ದಾಖಲೆ ಉಳಿದದ್ದು ಹೇಳಿ?

ದುಬೈ: ಎಲ್ಲ ಹೋಯ್ತು ಅನ್ನೋಕೆ ನೀವು ನೋಡಿದ್ದೀರಾ? ನಾವು ಗೋವಾದ ಬ್ರಾಹ್ಮಣ ಮೂಲದವರು, ನಮಗೆ ಪುರಾವೆ ಬೇಕಿಲ್ಲ.

ಮೂಡಬಿದಿರೆ: ಓಹೋ, ಈಗ ಜಾತಿ ಬಂತು!

ಉಡುಪಿ: ಇಬ್ಬರೂ ಸುಮ್ಮನಿರಿ ಮಾರಾಯ್ರೆ. ಮೇಡಂ, ಹೆಂಗಸರಿಗೆ ಮೊದಲನೆಯ ವರ್ಗ ಸಿಗುತ್ತಾ?

ಸಂಶೋಧಕಿ: ದುಬೈಯವರೇ, ಜಾತಿ ಇಲ್ಲಿ ಪುರಾವೆಯಲ್ಲ. ನೀವು ಹೇಳುವ ದಾಖಲೆಯ ಪುಸ್ತಕ ಯಾವ ಚರ್ಚಿನದು, ಎಷ್ಟನೇ ಪುಟ? ಅಷ್ಟು ಬರೆಯಿರಿ. ಗೋವಾದ ಮೂಲ ಎಂದರೆ ಊರಿನ ಚರ್ಚಿನ ಹೆಸರು ಹೇಳಿ. ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಕೆಲವೊಮ್ಮೆ ಮದುವೆಯ ಟಿಪ್ಪಣಿ ಇರುತ್ತದೆ. ಅದರಿಂದ ಮುಂದಿನ ಚರ್ಚ್ ಸಿಗುತ್ತದೆ.

ಕಾರ್ಕಳ: ಸೇರಲು ದೊಡ್ಡ ಮನೆತನ ಬೇಕಾ ಮೇಡಂ?

ಸಂಶೋಧಕಿ: ಮೇಲೆ ಓದಿ.

ಬೆಂಗಳೂರು: ಮೇಡಂ, ಮಾವ ನಿನ್ನೆಯೇ 50 ಸಾವಿರ ಹಾಕಿದ್ದಾರಂತೆ.

ಸಂಶೋಧಕಿ: ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ. ಉಳಿದ ಪ್ರಶ್ನೆಗಳು ಆಮೇಲೆ.

ದುಬೈ: ನಾನು ಹೇಳಿದ ದಾಖಲೆ ಅಂದರೆ...