ದೊಡ್ಡವರಿಗೆ ಓದು ಕಲಿಸೋಕೆ ಬೇರೆ ತರಬೇತಿ ಬೇಕಾ?

ಬಸವೇಶ್ವರನಗರ ನಿವಾಸಿ:
ಎಲ್ಲರಿಗೂ ನಮಸ್ಕಾರ. 31 ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿ ಹೋದ ಜೂನ್‌ನಲ್ಲಿ ರಿಟೈರ್ ಆದೆ. ನಮ್ಮ ಬೀದಿಗೆ ಮನೆಗೆಲಸಕ್ಕೆ ಬರುವ ಐದು ಜನ ಹೆಂಗಸರು "ಅಮ್ಮ, ನಮಗೂ ಓದೋದು ಹೇಳಿಕೊಡಿ" ಅಂತ ಕೇಳಿದ್ದಾರೆ. ಮಧ್ಯಾಹ್ನ ಮೂರರಿಂದ ನಾಲ್ಕು, ನಮ್ಮ ಮನೆ ವರಾಂಡದಲ್ಲಿ. ಪರಿಚಯದವರೊಬ್ಬರು, ದೊಡ್ಡವರಿಗೆ ಕಲಿಸುವವರಿಗೆ ಅಂತಲೇ ಎರಡು ದಿನದ ತರಬೇತಿ ಇರುತ್ತದೆ, ಹೋಗಿ ಬನ್ನಿ ಅನ್ನುತ್ತಿದ್ದಾರೆ. ಇಷ್ಟು ವರ್ಷ ಅಕ್ಷರ ತಿದ್ದಿಸಿದವಳಿಗೆ ಅದು ನಿಜವಾಗಿ ಬೇಕಾ? ಸರ್ಟಿಫಿಕೇಟ್ ಇಲ್ಲದೆ ಕಲಿಸಬಹುದಾ?

ಲಗ್ಗೆರೆ ಭಾನುವಾರದ ಕ್ಲಾಸು:
ಮೇಡಂ, ದಯವಿಟ್ಟು ಹೋಗಿ ಬನ್ನಿ. ಒಂಬತ್ತು ವರ್ಷದಿಂದ ಗಾರ್ಮೆಂಟ್ಸ್ ಹೆಂಗಸರಿಗೆ ಕಲಿಸುತ್ತಿದ್ದೇನೆ. ಮೊದಲ ಮೂರು ತಿಂಗಳು ತರಬೇತಿ ಇಲ್ಲದೆ ಕಲಿಸಿದೆ. ಹನ್ನೊಂದು ಜನರಲ್ಲಿ ಉಳಿದವರು ನಾಲ್ಕೇ ಜನ.

ತರಬೇತಿಯ ಮೊದಲ ದಿನ ಬೋರ್ಡಿನ ಮೇಲೆ ತಮಿಳಿನಲ್ಲಿ ಒಂದು ಸಾಲು ಬರೆದರು. ನಮಗೆ ಯಾರಿಗೂ ತಮಿಳು ಓದಲು ಬರುವುದಿಲ್ಲ. ಎಡಗೈಯಲ್ಲಿ ನೋಡಿ ಬರೆಯಿರಿ, ಎರಡು ನಿಮಿಷ ಅಂದರು. ಹಿಂದೆ ನಿಂತು "ಬೇಗ, ಬೇಗ" ಅಂತ ಬೇರೆ ಹೇಳುತ್ತಿದ್ದರು. ಪೆನ್ಸಿಲ್ ಜಾರುತ್ತಿತ್ತು, ಬೆರಳು ಬೆವೆತಿತ್ತು. ಪಕ್ಕದವರಿಗೆ ಕಾಣದ ಹಾಗೆ ಹಾಳೆಯನ್ನು ಕೈಯಿಂದ ಮುಚ್ಚಿಕೊಂಡೆ. ನಮ್ಮ ಕ್ಲಾಸಿನ ಹೆಂಗಸರು ಸ್ಲೇಟನ್ನು ಯಾಕೆ ಸೆರಗಿನಡಿ ಇಟ್ಟುಕೊಳ್ಳುತ್ತಾರೆ ಅನ್ನೋದು ನನಗೆ ಗೊತ್ತಾಗಿದ್ದು ಅವತ್ತೇ.

ಎರಡನೆಯದು, ಕಣ್ಣು. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ ಅಲ್ವಾ? ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವವರು ಪುಸ್ತಕ ಕಾಣಿಸುತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವುದಿಲ್ಲ. "ನನ್ನ ತಲೆಗೆ ಹತ್ತೋದಿಲ್ಲ" ಅಂದುಬಿಡುತ್ತಾರೆ. ನಾನು ಅದನ್ನೇ ನಂಬಿದ್ದೆ. ಆ ನೋವು ಈಗಲೂ ಇದೆ.

ಅಕ್ಷರದ ವಿಷಯ ನಿಮಗೆ ಹೇಳಬೇಕಾಗಿಲ್ಲ. ರ, ಗ, ಸ, ದ, ಅ ಕ್ರಮದಲ್ಲಿ ನೀವೇ ಎಷ್ಟೋ ಮಕ್ಕಳಿಗೆ ಕಲಿಸಿರುತ್ತೀರಿ. ಆದರೆ ಮಕ್ಕಳಿಗೆ ಅರಸ, ಅಗಸ ಅಂತ ಓದಿಸಿದ ಹಾಗೆ ಇವರಿಗೆ ಓದಿಸಬೇಡಿ. ಅದೇ ಅಕ್ಷರಗಳಲ್ಲಿ "ದರ" ಇದೆ. ನಮ್ಮಲ್ಲಿ ಐವತ್ತು ದಾಟಿದ ಒಬ್ಬರು ಎರಡನೇ ವಾರ ರೇಷನ್ ಅಂಗಡಿ ಕ್ಯೂನಲ್ಲಿ ನಿಂತು ಬೋರ್ಡಿನ ಮೇಲೆ ಬೆರಳಿಟ್ಟು "ದ... ರ... ದರ" ಅಂದರಂತೆ. ಮುಂದಿನ ಭಾನುವಾರ ಇನ್ನಿಬ್ಬರನ್ನು ಜೊತೆಗೆ ಕರೆತಂದರು. ಬ್ರೆಜಿಲಿನಲ್ಲಿ ಪಾವ್ಲೋ ಫ್ರೇರಿ ಅನ್ನೋ ಶಿಕ್ಷಣ ಚಿಂತಕರು 1963ರಲ್ಲಿ ಆಂಜಿಕೋಸ್ ಅನ್ನೋ ಊರಿನ ಸುಮಾರು 300 ಕೂಲಿಗಳಿಗೆ ಓದು ಕಲಿಸಿದ್ದೂ ಅವರ ಬದುಕಿನ ಮಾತುಗಳನ್ನೇ ಎತ್ತಿಕೊಂಡು. ತರಬೇತಿಯಲ್ಲಿ ಅವರ ಬಗ್ಗೆ ಅರ್ಧ ದಿನ ಮಾತಾಡಿದರು. ನನಗೆ ಅದು ಅರ್ಥವಾಗಿದ್ದು ರೇಷನ್ ಅಂಗಡಿ ಕಥೆ ಕೇಳಿದ ಮೇಲೆ.

ಇನ್ನೊಂದು. ಕೆಲಸದ ಹೊತ್ತಿನಲ್ಲಿ ಹೇಗೇ ಕರೆಯಿರಿ, ಮೂರು ಗಂಟೆಗೆ ವರಾಂಡಕ್ಕೆ ಬಂದಾಗ "ಬನ್ನಿ, ಕೂತ್ಕೊಳ್ಳಿ" ಅನ್ನಿ. ನೆಲದಲ್ಲಿ ಕೂರುವುದಾದರೆ ನೀವೂ ನೆಲದಲ್ಲೇ ಕೂರಿ.

ಹೆಸರಘಟ್ಟ ರಸ್ತೆ:
ಸರ್ಟಿಫಿಕೇಟ್ ಬಗ್ಗೆ: ಮನೆಯಲ್ಲಿ ಕಲಿಸುವುದಕ್ಕೆ ಯಾವುದೂ ಬೇಡ ಮೇಡಂ. ಕೇಂದ್ರ ಸರ್ಕಾರದ ಉಲ್ಲಾಸ್ ಸಾಕ್ಷರತಾ ಕಾರ್ಯಕ್ರಮ 2022ರಿಂದ 2027ರವರೆಗಿನದು, 15 ದಾಟಿದವರಿಗೆ. ಕಲಿಸುವವರು ಸ್ವಯಂಸೇವಕರು, ಸಂಬಳ ಇಲ್ಲ. ಅದರ ಆ್ಯಪ್‌ನಲ್ಲಿ ಹೆಸರು ಬರೆಸಬಹುದು. ಕಲಿತವರಿಗೆ ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕದ ಪರೀಕ್ಷೆ ಇರುತ್ತದೆ. ಪಾಸಾದ ಸರ್ಟಿಫಿಕೇಟ್ ಅವರ ಕೈಗೆ ಬರುತ್ತದೆ.

ಜಯನಗರ 4ನೇ ಬ್ಲಾಕ್:
ನಾನು ದೊಡ್ಡವರಿಗೆ ಇಂಗ್ಲಿಷ್ ಕಲಿಸಲು ಕೇಂಬ್ರಿಜ್‌ನ ಸೆಲ್ಟಾ ಮಾಡಿದ್ದೇನೆ. 120 ಗಂಟೆಯ ಕೋರ್ಸು. ಅದರಲ್ಲಿ ಆರು ಗಂಟೆ ನಿಜವಾದ ಕಲಿಯುವವರ ಮುಂದೆ ಪಾಠ ಮಾಡಬೇಕು. ನಿಮಗೆ ಅಷ್ಟೆಲ್ಲ ಬೇಡ. ಆದರೆ ನಿಮ್ಮ ಎರಡು ದಿನದಲ್ಲಿ ಹತ್ತು ನಿಮಿಷವಾದರೂ ಪಾಠ ಮಾಡಿಸುತ್ತಾರಾ ಅಂತ ಕೇಳಿಕೊಳ್ಳಿ. ಸುಮ್ನೆ ಭಾಷಣ ಮಾತ್ರ ಆದರೆ ಹೋಗಬೇಡಿ.

ಬಸವೇಶ್ವರನಗರ ನಿವಾಸಿ:
ಎಲ್ಲರಿಗೂ ಧನ್ಯವಾದ. ಲಗ್ಗೆರೆಯವರ ಮಾತು ಓದಿ ಇವತ್ತು ಐದೂ ಜನರಿಗೆ ಕ್ಯಾಲೆಂಡರ್ ಹಿಡಿದು ತೋರಿಸಿದೆ. ಮೂವರು ಅದನ್ನು ಮುಖದಿಂದ ದೂರ ತಳ್ಳಿದರು. ಶನಿವಾರ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ತರಬೇತಿಗೂ ಹೆಸರು ಕೊಟ್ಟೆ.