ಟ್ರಿಯೆಸ್ಟೆಗೆ ಹೊರಟಿರೋ ಅತ್ತಿಗೆಗೆ, ಸ್ವಲ್ಪ ಉದ್ದದ ಉತ್ತರ

ಅತ್ತಿಗೆ, ನಿನ್ನೆ ರಾತ್ರಿ ಗ್ರೂಪ್‌ಗೆ ಹಾಕಿದ ಮೆಸೇಜ್ ಈಗ ನೋಡ್ದೆ. ಮಗ ಇಟಲಿಯ ಬಂದರು ಊರು ಟ್ರಿಯೆಸ್ಟೆಯಲ್ಲಿರೋ ಐಸಿಟಿಪಿ ಅನ್ನೋ ಭೌತವಿಜ್ಞಾನ ಕೇಂದ್ರದಲ್ಲಿ ಡಿಪ್ಲೊಮಾಗೆ ಸೇರಿದಾನೆ, ನೀವು, ಅಣ್ಣ, ಮಗಳು, ದೊಡ್ಡಮ್ಮ ನಾಲ್ಕೂ ಜನ ಅಕ್ಟೋಬರ್ ಎರಡನೇ ವಾರ ನಾಲ್ಕು ದಿನಕ್ಕೆ ಹೋಗ್ತೀರಿ, ಒಂದಿನ ಸ್ಲೊವೇನಿಯಾ, ಆದ್ರೆ ಕ್ರೊವೇಷಿಯಾದ ಪೂಲಾನೂ ನೋಡ್ಬೇಕು. ಇಷ್ಟು ಒಂದು. ಇನ್ನೊಂದು, ಒಂದು ಕಡೆ ಓದಿದ್ರೆ ‘ಇದು ಯಾವತ್ತೂ ಇಟಲಿ ಊರು’ ಅಂತಿದೆ, ಇನ್ನೊಂದು ಕಡೆ ‘ನಮ್ಮ ತ್ರ್ಸ್ತ್’ (ಇದೇ ಊರಿನ ಸ್ಲೊವೀನ್ ಹೆಸರು) ಅಂತಿದೆ, ಮಗಳಿಗೆ ಏನು ಹೇಳೋದು ಅಂತ ಕೇಳಿದೀರಿ. ಎರಡಕ್ಕೂ ಉತ್ತರ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊಳ್ಳಿ.

ಮೊದಲು ತಾರೀಖು. ಅಕ್ಟೋಬರ್‌ನ ಎರಡನೇ ಭಾನುವಾರ ಅಲ್ಲಿ ಬಾರ್ಕೊಲಾನಾ ಅನ್ನೋ ಹಾಯಿದೋಣಿ ಪಂದ್ಯ. ಎರಡು ಸಾವಿರದ ಹತ್ತಿರ ದೋಣಿ ಒಟ್ಟಿಗೆ ಹೊರಡುತ್ವೆ, 2018ರಲ್ಲಿ 2,689 ದೋಣಿ ಸೇರಿತ್ತು. ನೋಡೋಕೆ ಚೆಂದ, ಆದ್ರೆ ಆ ವಾರ ಊರಲ್ಲಿ ರೂಮು ಸಿಗೋದು ಕಷ್ಟ, ಸಿಕ್ಕಿದ್ರೂ ದುಬಾರಿ. ಪಂದ್ಯ ನೋಡೋ ಆಸೆ ಇಲ್ಲ ಅಂದ್ರೆ ಒಂದು ವಾರ ಮುಂದಕ್ಕೆ ಹಾಕಿ. ಇರಲೇಬೇಕು ಅಂದ್ರೆ ಮೊನ್ಫಾಲ್ಕೊನೆಯಲ್ಲಿ ರೂಮು ನೋಡಿ, ರೈಲಲ್ಲಿ ಅರ್ಧ ಗಂಟೆ.

ವೀಸಾ ಇಟಲಿದೇ ಹಾಕಿ. ಷೆಂಗನ್ ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ, ಅದರ ನಿಯಮ ಏನಂದ್ರೆ ಹೆಚ್ಚು ರಾತ್ರಿ ಎಲ್ಲಿ ತಂಗ್ತೀರೋ ಆ ದೇಶದ್ದು. ಸ್ಲೊವೇನಿಯಾ 2007ರಿಂದಲೇ ಷೆಂಗನ್, ಕ್ರೊವೇಷಿಯಾ 2023ರ ಜನವರಿ 1ರಿಂದ, ಹಾಗಾಗಿ ಒಂದೇ ವೀಸಾ ಮೂರೂ ಕಡೆಗೆ ಸಾಕು. ಶುಲ್ಕ ದೊಡ್ಡವರಿಗೆ 90 ಯೂರೊ, ಅರ್ಧ ಶುಲ್ಕ 6ರಿಂದ 11 ವರ್ಷದವರಿಗೆ ಮಾತ್ರ, ಮಗಳು ಒಂಬತ್ತನೇ ಕ್ಲಾಸಲ್ಲವಾ, ಅವಳಿಗೂ ಪೂರ್ತಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊದ್ದು ಇರ್ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿಂದ ಅರ್ಜಿ ತಗೋತಾರೆ, ಸ್ಲಾಟ್ ಸಿಗ್ತಾ ಇದ್ದ ಹಾಗೇ ಹಿಡೀರಿ. ಇಲ್ಲೊಂದು ಎಡವಟ್ಟು ಆಗೋದು ಎಲ್ಲಿ ಅಂದ್ರೆ, ‘ಷೆಂಗನ್ ಒಳಗೆ ಗಡಿ ಇಲ್ಲ’ ಅಂತ ಪಾಸ್‌ಪೋರ್ಟ್ ರೂಮಲ್ಲೇ ಬಿಟ್ಟು ಸ್ಲೊವೇನಿಯಾಗೆ ಹೊರಡೋದು. 2023ರ ಅಕ್ಟೋಬರ್‌ನಿಂದ ಇಟಲಿ ಆ ಗಡಿಯಲ್ಲಿ ತಪಾಸಣೆ ಮತ್ತೆ ಶುರು ಮಾಡಿದೆ. ಬಸ್ ನಿಲ್ಲಿಸಿ ನೋಡ್ತಾರೆ. ಫೋನಲ್ಲಿ ಫೋಟೊ ನಡೆಯಲ್ಲ, ಅಸಲಿ ಪಾಸ್‌ಪೋರ್ಟೇ ಬೇಕು.

ವೆನಿಸ್‌ಗೆ ಇಳಿದ್ರೆ ಮೆಸ್ತ್ರೆಯಿಂದ ರೀಜನಲ್ ರೈಲಿಗೆ ಸುಮಾರು ಎರಡು ಗಂಟೆ. ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋಕೆ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಮೆಷೀನಲ್ಲಿ ಒತ್ತಿಸ್ಬೇಕು, ಫೋನಲ್ಲಿ ತಗೊಂಡ್ರೆ ಚೆಕ್-ಇನ್ ಮಾಡ್ಬೇಕು. ಮರೆತ್ರೆ ಟಿಕೆಟ್ ಕೈಲಿದ್ರೂ ದಂಡ. ಟ್ರಿಯೆಸ್ಟೆ ಏರ್‌ಪೋರ್ಟಿಗೇ ಇಳಿದ್ರೆ ಇನ್ನೂ ಸುಲಭ: ಟರ್ಮಿನಲ್ಲಿಂದ ಮುಚ್ಚಿದ ಮೇಲ್ಸೇತುವೆ ನೇರ ರೈಲ್ವೆ ಸ್ಟೇಷನ್‌ಗೆ, ಅಲ್ಲಿಂದ ಅರ್ಧ ಗಂಟೆ. ಆ ಏರ್‌ಪೋರ್ಟ್ ಇರೋ ಊರಿನ ಹೆಸರು ಗಮನಿಸಿ, ರೊಂಕಿ ದೇಯಿ ಲೆಜೊನಾರಿ. 1919ರಲ್ಲಿ ಇಟಲಿಯ ಕವಿ ದಾನ್ನುನ್ತ್ಸಿಯೊ ತನ್ನ ಪಡೆ ಕಟ್ಕೊಂಡು ಫಿಯೂಮೆಯನ್ನ, ಅಂದ್ರೆ ಇವತ್ತಿನ ಕ್ರೊವೇಷಿಯಾದ ರಿಯೆಕಾವನ್ನ, ಹಿಡಿಯೋಕೆ ಹೊರಟಿದ್ದು ಇಲ್ಲಿಂದ. ಆ ಪಡೆಯವರ ನೆನಪಿಗೆ 1925ರಲ್ಲಿ ಊರ ಹೆಸರಿಗೆ ಬಾಲ ಸೇರಿಸಿದ್ರು. ಅಂದ್ರೆ ವಿಮಾನ ಇಳಿದ ಜಾಗದಿಂದಲೇ ನಿಮ್ಮ ಎರಡನೇ ಪ್ರಶ್ನೆ ಶುರು.

ಆ ಪ್ರಶ್ನೆಗೆ ಬರ್ತೀನಿ. ಈ ಊರು 1382ರಿಂದ 1918ರವರೆಗೆ ಹಾಬ್ಸ್‌ಬರ್ಗ್ ದೊರೆಗಳ ಕೈಲಿತ್ತು. 1719ರಲ್ಲಿ ಆರನೇ ಚಾರ್ಲ್ಸ್ ಇದನ್ನ ಸುಂಕ ಇಲ್ಲದ ಬಂದರು ಮಾಡಿದ, ಮಗಳು ಮಾರಿಯಾ ತೆರೇಸಾ ಉಪ್ಪಿನ ಗದ್ದೆ ಇದ್ದ ಜಾಗದಲ್ಲಿ ಹೊಸ ಪೇಟೆ ಕಟ್ಟಿಸಿದಳು. ವ್ಯಾಪಾರಕ್ಕೆ ಅಂತ ಇಟಾಲಿಯನ್ನರು, ಸ್ಲೊವೀನರು, ಜರ್ಮನ್ನರು, ಗ್ರೀಕರು, ಸರ್ಬರು, ಯಹೂದಿಗಳು ಎಲ್ಲ ಬಂದು ಸೇರಿದ್ರು. ಸೂಯೆಜ್ ತೆರೆದ ಮೇಲೆ ಇಲ್ಲಿನ ಆಸ್ಟ್ರಿಯನ್ ಲಾಯ್ಡ್ ಕಂಪನಿಯ ಹಡಗುಗಳು ಮುಂಬಯಿಗೂ ಓಡಾಡಿದ್ವು. ಊರ ಒಳಗೆ ಇಟಾಲಿಯನ್ ಮಾತು ಜಾಸ್ತಿ, ಸುತ್ತ ಕಾರ್ಸ್ಟ್ ಬೆಟ್ಟದ ಹಳ್ಳಿಗಳಲ್ಲಿ ಸ್ಲೊವೀನ್. ಜಗಳ ಬಂದಿದ್ದು ರಾಜರು ಹೋದ ಮೇಲೆ, ಊರು ಯಾವ ದೇಶಕ್ಕೆ ಅಂತ. 1947ರಿಂದ 1954ರವರೆಗೆ ಯಾರಿಗೂ ಸೇರದ ‘ಸ್ವತಂತ್ರ ಪ್ರದೇಶ’ ಆಗಿತ್ತು, ಊರು ಇದ್ದ ಎ ವಲಯ ಬ್ರಿಟಿಷ್-ಅಮೆರಿಕನ್ ಸೇನೆ ಕೈಲಿ, ಬಿ ವಲಯ ಯುಗೊಸ್ಲಾವಿಯಾ (ಸ್ಲೊವೇನಿಯಾ, ಕ್ರೊವೇಷಿಯಾ ಎರಡೂ ಆಗ ಸೇರಿದ್ದ ದೇಶ) ಕೈಲಿ. 1954ರ ಅಕ್ಟೋಬರಲ್ಲಿ ಊರು ಇಟಲಿಗೆ ಬಂತು, ಗಡಿ ಪಕ್ಕಾ ಆಗಿದ್ದು 1975ರ ಓಸಿಮೊ ಒಪ್ಪಂದದಲ್ಲಿ.

ಅದಕ್ಕೇ ನಾನು ಹೇಳೋದು ಇಷ್ಟೇ ಅತ್ತಿಗೆ: ಈ ಊರಲ್ಲಿ ಯಾವ ಸ್ಮಾರಕನೂ ಒಂಟಿಯಾಗಿ ನೋಡ್ಬೇಡಿ. ಪ್ರತಿ ಒಂದಕ್ಕೂ ಒಂದು ಜೋಡಿ ಇದೆ. ಒಂದು ನೋಡಿ ಇನ್ನೊಂದು ಬಿಟ್ಟು ಬಂದ್ರೆ ಅರ್ಧ ಕಥೆ ತಲೇಲಿಟ್ಕೊಂಡು ವಾಪಸ್ ಬರ್ತೀರಿ. ಟೂರ್ ಗೈಡ್‌ಗಳು ಎಷ್ಟೋ ಸಲ ಒಂದೇ ಕಡೆಯದ್ದು ತೋರಿಸ್ತಾರೆ.

ಮೊದಲ ದಿನ ಊರ ನಡುವೆನೇ ಇರಿ. ಪಿಯಾತ್ಸಾ ಉನಿತಾ ಅನ್ನೋ ಚೌಕ, ಮೂರು ಕಡೆ ಅರಮನೆಯಂಥ ಕಟ್ಟಡ, ನಾಲ್ಕನೇ ಕಡೆ ಸಮುದ್ರ. ಎಲ್ಲರೂ ಅಲ್ಲಿ ತಲೆ ಎತ್ತಿ ಫೋಟೊ ತೆಗೀತಾರೆ, ನೀವು ಮಗಳಿಗೆ ನೆಲದ ಮೇಲಿನ ಫಲಕ ತೋರಿಸಿ. 1938ರ ಸೆಪ್ಟೆಂಬರ್ 18ರಂದು ಮುಸೊಲಿನಿ ಯಹೂದಿಗಳ ವಿರುದ್ಧದ ಕಾನೂನು ಘೋಷಿಸಿದ್ದು ಇದೇ ಚೌಕದಲ್ಲಿ. ಪಕ್ಕದಲ್ಲೇ ಸಮುದ್ರದೊಳಕ್ಕೆ ಚಾಚಿರೋ ಕಲ್ಲಿನ ಕಟ್ಟೆ, ಮೋಲೊ ಔದಾಚೆ. ಮೊದಲು ಅದರ ಹೆಸರು ಸಾನ್ ಕಾರ್ಲೊ, ಅಲ್ಲಿ ಮುಳುಗಿದ ಹಡಗಿನ ಮೇಲೇ ಕಟ್ಟಿದ್ರು ಅಂತ. 1918ರ ನವೆಂಬರ್ 3ಕ್ಕೆ ಇಟಲಿ ಸೇನೆ ಔದಾಚೆ ಅನ್ನೋ ಯುದ್ಧನೌಕೆಯಲ್ಲಿ ಬಂದಿಳಿದ ಮೇಲೆ ಹೆಸರು ಬದಲಾಯ್ತು. ಸಮತಟ್ಟು ಜಾಗ, ದೊಡ್ಡಮ್ಮನ ಮಂಡಿಗೆ ತೊಂದರೆ ಇಲ್ಲ.

ಇದಕ್ಕೆ ಜೋಡಿ ಸ್ಟೇಷನ್ ಕಡೆ ಇರೋ ವಿಯಾ ಫಿಲ್ತ್ಸಿಯ ನಾರೊದ್ನಿ ದೋಮ್. ಸ್ಲೊವೀನರು ಕಟ್ಟಿಸಿದ ಸಮುದಾಯ ಭವನ: ಒಳಗೆ ನಾಟಕಶಾಲೆ, ಬ್ಯಾಂಕು, ಹೋಟೆಲ್ ಎಲ್ಲ ಇತ್ತು. 1920ರ ಜುಲೈ 13ರಂದು ಫ್ಯಾಸಿಸ್ಟರು ಬೆಂಕಿ ಹಚ್ಚಿದ್ರು. ಸರಿಯಾಗಿ ನೂರು ವರ್ಷ ಆದ ದಿನ, 2020ರ ಜುಲೈ 13ಕ್ಕೆ, ಇಟಲಿ, ಸ್ಲೊವೇನಿಯಾ ಎರಡೂ ದೇಶದ ಅಧ್ಯಕ್ಷರ ಎದುರು ಅದನ್ನ ಸ್ಲೊವೀನ್ ಸಮುದಾಯಕ್ಕೆ ಹಿಂದಿರುಗಿಸೋ ಕಾಗದಕ್ಕೆ ಸಹಿ ಬಿತ್ತು. ಹೊರಗಿನಿಂದ ನೋಡಿದ್ರೂ ಸಾಕು, ಹತ್ತು ನಿಮಿಷದ ಕೆಲಸ. ದಾರಿಯಲ್ಲಿ ಪಿಯಾತ್ಸಾ ದೆಲ್ಲಾ ಬೋರ್ಸಾದಲ್ಲಿ ಬೆಂಚಿನ ಮೇಲೆ ಕೂತು ಓದ್ತಾ ಇರೋ ಕಂಚಿನ ಮನುಷ್ಯ ಸಿಗ್ತಾನೆ, ಜನ ಪಕ್ಕದಲ್ಲಿ ಕೂತು ಸೆಲ್ಫಿ ತಗೋತಾರೆ. ಅವನೇ ಮೇಲೆ ಹೇಳಿದ ದಾನ್ನುನ್ತ್ಸಿಯೊ. 2019ರಲ್ಲಿ ಆ ದಂಡಯಾತ್ರೆಗೆ ನೂರು ತುಂಬಿದ ದಿನವೇ ಇಟ್ಟರು, ಕ್ರೊವೇಷಿಯಾ ಸರ್ಕಾರ ಪ್ರತಿಭಟಿಸ್ತು.

ಹೆಸರಿನ ವಿಷಯ ಮಗಳಿಗೆ ಬೇಗ ಅರ್ಥ ಆಗುತ್ತೆ, ಇದೊಂದು ಹೇಳಿ. 1927ರಿಂದ ಇಲ್ಲಿ ಮನೆತನದ ಹೆಸರುಗಳನ್ನೂ ಇಟಾಲಿಯನ್ ಮಾಡಿಸಿದ್ರು. ವೊದೊಪಿವೆಟ್ಸ್ ಅಂದ್ರೆ ಸ್ಲೊವೀನಲ್ಲಿ ‘ನೀರು ಕುಡಿಯುವವ’. ಅದನ್ನ ಹಾಗೇ ತರ್ಜುಮೆ ಮಾಡಿ ಬೆವಿಲಾಕ್ವಾ ಅಂತ ಬರೆದ್ರು. ನಮ್ಮಲ್ಲಿ ಹೊಸಮನಿ ಅನ್ನೋರನ್ನ ಸರ್ಕಾರ ಕರೆದು ‘ಇವತ್ತಿಂದ ನೀವು ನ್ಯೂಹೌಸ್’ ಅಂದ ಹಾಗೆ. ಅದೇ ಕಾಲದಲ್ಲಿ ಸ್ಲೊವೀನ್ ಶಾಲೆಗಳೂ ಮುಚ್ಚಿದ್ವು.

ಎರಡನೇ ದಿನ ಬೆಳಿಗ್ಗೆ ರಿಸಿಯೇರಾ ದಿ ಸಾನ್ ಸಬ್ಬಾ. ಹೆಸರಿನ ಅರ್ಥ ಅಕ್ಕಿ ಗಿರಣಿ, ನಿಜಕ್ಕೂ ಭತ್ತದ ಹೊಟ್ಟು ತೆಗೆಯೋ ಕಾರ್ಖಾನೆನೇ ಆಗಿತ್ತು. 1943ರಿಂದ 45ರವರೆಗೆ ನಾಜಿಗಳು ಅದನ್ನ ಸೆರೆಮನೆ ಮಾಡ್ಕೊಂಡು, ಒಳಗೆ ಹೆಣ ಸುಡೋ ಕುಲುಮೆ ಹಾಕಿದ್ರು. ಅಲ್ಲಿ ಸತ್ತವರು ಮೂರರಿಂದ ಐದು ಸಾವಿರ ಅಂತ ಅಂದಾಜು: ಸ್ಲೊವೀನ್, ಕ್ರೊವೇಟ್, ಇಟಾಲಿಯನ್ ವಿರೋಧಿಗಳು. ಯಹೂದಿಗಳಲ್ಲಿ ಹೆಚ್ಚಿನವರನ್ನ ಇಲ್ಲಿಂದ ಆಶ್‌ವಿಟ್ಸ್‌ಗೆ ಸಾಗಿಸಿದ್ರು. ಒಳಗೆ ಹೋಗೋ ದಾರಿ 11 ಮೀಟರ್ ಎತ್ತರದ ಎರಡು ಕಾಂಕ್ರೀಟ್ ಗೋಡೆ ನಡುವೆ, ಆಮೇಲೆ 17 ಚಿಕ್ಕ ಕೋಣೆ, ನಮ್ಮ ಹಳೇ ಮನೆ ಸೌದೆ ಗೂಡಿನಷ್ಟೇ, ಒಂದೊಂದ್ರಲ್ಲಿ ಆರು ಜನರವರೆಗೆ ತುಂಬ್ತಿದ್ರು. ಓಡಿಹೋಗೋವಾಗ ನಾಜಿಗಳು ಕುಲುಮೆ ಸ್ಫೋಟಿಸಿದ್ರು, ಈಗ ಅಂಗಳದಲ್ಲಿ ಅದಿದ್ದ ಜಾಗದ ಗುರುತು ಮಾತ್ರ. ಪ್ರವೇಶ ಉಚಿತ, ವಲ್‌ಮೌರಾ ಕಡೆಯ 8 ಅಥವಾ 10ನೇ ನಂಬರ್ ಬಸ್. ಒಂದೂವರೆ ಗಂಟೆ ಇಡಿ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಸರಿ, ಆದ್ರೆ ಹೋಗೋಕೆ ಮುಂಚೆನೇ ಕೂರಿಸ್ಕೊಂಡು ಹೇಳಿ.

ಇದರ ಜೋಡಿ ಬೆಟ್ಟದ ಮೇಲಿನ ಬಸೊವಿತ್ಸಾ, ಅದೇ ದಿನ ಮಧ್ಯಾಹ್ನ. ಸ್ಟೇಷನ್‌ನಿಂದ 51ನೇ ಬಸ್, ಅಥವಾ ದೊಡ್ಡಮ್ಮನ್ನ ಕರ್ಕೊಂಡು ಟ್ಯಾಕ್ಸಿ. ಫೊಯ್ಬಾ ಅಂದ್ರೆ ಸುಣ್ಣಕಲ್ಲಿನ ನೆಲದಲ್ಲಿ ನೀರು ಕೊರೆದ ಆಳದ ಬಿಲ. ಇಲ್ಲಿರೋದು ಅಸಲಿಗೆ ಕಲ್ಲಿದ್ದಲಿಗೆ ತೋಡಿದ ಗಣಿ ಬಾವಿ, ಹೆಸರು ಮಾತ್ರ ಫೊಯ್ಬಾ. 1945ರ ಮೇ ತಿಂಗಳಿಂದ ಯುಗೊಸ್ಲಾವಿಯಾದ ನಾಯಕ ಟಿಟೊನ ಸೈನ್ಯ 40 ದಿನ ಊರು ಆಳಿದಾಗ ಹಿಡಿದು ಕೊಂದವರನ್ನ ಇಂಥ ಬಾವಿಗಳಿಗೆ ಹಾಕಿದ್ರು. ಈ ಬಾವಿಯೊಳಗೆ ಎಷ್ಟು ಹೆಣ ಅನ್ನೋದೇ ಇವತ್ತಿಗೂ ಜಗಳ, ಯಾರಾದ್ರೂ ಖಚಿತ ಸಂಖ್ಯೆ ಹೇಳಿದ್ರೆ ಅವರು ಯಾವ ಕಡೆಯವರು ಅಂತ ಗೊತ್ತಾಗಿಬಿಡುತ್ತೆ. 1992ರಲ್ಲಿ ರಾಷ್ಟ್ರೀಯ ಸ್ಮಾರಕ ಆಯ್ತು. ಅದೇ ಊರ ಬಯಲಲ್ಲಿ, ನಡೆಯೋ ದೂರದಲ್ಲಿ, ಇನ್ನೊಂದು ಕಲ್ಲು: 1930ರ ಸೆಪ್ಟೆಂಬರ್ 6ಕ್ಕೆ ಫ್ಯಾಸಿಸ್ಟ್ ಕೋರ್ಟು ಗುಂಡಿಟ್ಟು ಕೊಲ್ಲಿಸಿದ ನಾಲ್ಕು ಯುವಕರದ್ದು. ಸ್ಲೊವೀನರಿಗೆ ಹುತಾತ್ಮರು, ಇಟಲಿಯ ಬಲಪಂಥದವರಿಗೆ ಬಾಂಬಿಟ್ಟವರು. 2020ರ ಜುಲೈ 13ರಂದೇ ಇಟಲಿ ಅಧ್ಯಕ್ಷ ಮತ್ತರೆಲ್ಲಾ ಮತ್ತು ಆಗಿನ ಸ್ಲೊವೇನಿಯಾ ಅಧ್ಯಕ್ಷ ಪಾಹೊರ್ ಫೊಯ್ಬಾ ಮುಂದೆ ಕೈ ಕೈ ಹಿಡಿದು ನಿಂತರು, ಈ ಕಲ್ಲಿನ ಹತ್ರಾನೂ ಹೋದ್ರು. ನೀವೂ ಅದೇ ಮಾಡಿ, ಎರಡೂ ಕಡೆ. ಅಂದ ಹಾಗೆ ಅಲ್ಲೇ ಕಾಣೋ ದುಂಡನೆ ದೊಡ್ಡ ಕಟ್ಟಡ ಎಲೆತ್ರಾ ಸಿಂಕ್ರೊಟ್ರಾನ್ ಅನ್ನೋ ವಿಜ್ಞಾನ ಪ್ರಯೋಗಾಲಯ, ಅದರ ಒಂದು ಭಾಗ ನಮ್ಮ ಬೆಂಗಳೂರಿನ ಐಐಎಸ್‌ಸಿ ಜೊತೆ ಸೇರಿ ಕಟ್ಟಿದ್ದು.

ಯುದ್ಧ ಆದ ಮೇಲೆ, ಯುಗೊಸ್ಲಾವಿಯಾ ಪಾಲಾದ ಇಸ್ತ್ರಿಯಾ ಮತ್ತು ದಾಲ್ಮಾತ್ಸಿಯಾ ಕರಾವಳಿ ಬಿಟ್ಟು ಎರಡೂವರೆ ಲಕ್ಷದಷ್ಟು ಜನ, ಹೆಚ್ಚಾಗಿ ಇಟಾಲಿಯನ್ನರು, ಹೊರಟು ಬಂದ್ರು. ಅವರು ಬಿಟ್ಟುಹೋದ ಕುರ್ಚಿ, ಬೀರು, ಫೋಟೊ, ಸೌಟು ಎಲ್ಲ ಹಳೇ ಬಂದರಿನ ಗೋದಾಮಿನಲ್ಲಿ ಹೆಸರು ಚೀಟಿ ಸಮೇತ ಇವೆ. ಮುಂಚೆ 18ನೇ ಗೋದಾಮು, ಈಗ 26ನೇದಕ್ಕೆ ಸಾಗಿಸಿದಾರೆ. ಸುಮ್ಮನೆ ಹೋದ್ರೆ ಬಾಗಿಲು ಹಾಕಿರಬಹುದು, ಮಗನ ಕೈಲಿ ಮುಂಚೆ ವಿಚಾರಿಸಿ ಸಮಯ ತಗೊಳ್ಳಿ.

ಮೂರನೇ ದಿನ ಹಗುರವಾಗಿರ್ಲಿ. ಮಿರಮಾರೆ ಕೋಟೆಗೆ 6ನೇ ಬಸ್ಸಲ್ಲಿ ಗ್ರಿನ್ಯಾನೊ, ಮಗನ ಐಸಿಟಿಪಿ ಅದರ ಪಕ್ಕದಲ್ಲೇ, ಅವನೇ ಎದುರು ಬರ್ತಾನೆ. 1964ರಲ್ಲಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅದನ್ನ ಕಟ್ಟಿದಾಗ ಊರಲ್ಲಿ ಬೆನ್ನಿಗೆ ನಿಂತವರು ಇನ್ನೊಬ್ಬ ಭೌತವಿಜ್ಞಾನಿ ಪಾವೊಲೊ ಬುದಿನಿಚ್, ಈಗ ಕ್ರೊವೇಷಿಯಾದಲ್ಲಿರೋ ಲೊಶಿನ್ ದ್ವೀಪದಲ್ಲಿ ಹುಟ್ಟಿದವರು. ಕೋಟೆ ಒಳಗೆ ಟಿಕೆಟ್, ತೋಟ ಪುಕ್ಕಟೆ. ಸಾನ್ ಜುಸ್ತೊ ಗುಡ್ಡಕ್ಕೆ 24ನೇ ಬಸ್ ಮೇಲಿನವರೆಗೂ ಹೋಗುತ್ತೆ, ಮೆಟ್ಟಿಲು ಹತ್ತಿಸ್ಬೇಡಿ. ದೊಡ್ಡ ಗುಹೆ ಗ್ರೊತ್ತಾ ಜಿಗಾಂತೆ ಅಂತ ಎಲ್ಲರೂ ಹೇಳ್ತಾರೆ, 500 ಮೆಟ್ಟಿಲು ಇಳೀಬೇಕು, 500 ಹತ್ತಬೇಕು, ಒಳಗೆ 11 ಡಿಗ್ರಿ. ದೊಡ್ಡಮ್ಮಂಗೆ ಬೇಡವೇ ಬೇಡ. ಒಪಿಚೀನಾ ಟ್ರ್ಯಾಮ್ 2016ರ ಅಪಘಾತದ ಮೇಲೆ ವರ್ಷಗಟ್ಟಲೆ ನಿಂತಿತ್ತು, ಅದನ್ನ ನಂಬಿ ದಿನದ ಲೆಕ್ಕ ಹಾಕ್ಬೇಡಿ.

ಗಾಳಿ ಬಗ್ಗೆ ಹೇಳ್ಲೇಬೇಕು. ಬೋರಾ ಅಂತ, ಬೆಟ್ಟದ ಮೇಲಿನ ತಣ್ಣನೆ ಭಾರದ ಗಾಳಿ ಸಮುದ್ರಕ್ಕೆ ಜಾರಿ ಬೀಳೋದು. ಚಳಿಗಾಲದಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುತ್ತೆ, ಅಕ್ಟೋಬರಲ್ಲೂ ಬರಬಹುದು. ಛತ್ರಿ ಒಯ್ಯೋದು ದಂಡ, ಮಡಚಿ ಮುರಿದು ಹೋಗುತ್ತೆ. ದೊಡ್ಡಮ್ಮ ಸೀರೆ ಉಟ್ರೆ ಸೆರಗು ಸಿಕ್ಕಿಸಿ ಮೇಲೆ ಟೋಪಿ ಇರೋ ಜಿಪ್ ಜಾಕೆಟ್. ಗಾಳಿ ಇದ್ದ ದಿನ ಮೋಲೊ ಔದಾಚೆ ಕಟ್ಟೆ ಮೇಲೆ ಕಾಲಿಡಬೇಡಿ.

ಊಟ: ಯೋತಾ ಅನ್ನೋ ಹುರುಳಿಕಾಯಿ ಬೀಜ, ಹುಳಿ ಕೋಸಿನ ಸಾರು ನೋಡೋಕೆ ನಮ್ಮ ಕಾಳು ಸಾರೇ, ಆದ್ರೆ ಹಂದಿ ಮಾಂಸ ಹಾಕಿರ್ತಾರೆ. ‘ಸೆನ್ತ್ಸಾ ಕಾರ್ನೆ’ ಅಂದ್ರೆ ಮಾಂಸ ಇಲ್ಲದ್ದು, ಜೊತೆಗೆ ‘ಸೆನ್ತ್ಸಾ ಬ್ರೋದೊ ದಿ ಕಾರ್ನೆ, ಸೆನ್ತ್ಸಾ ಸ್ತ್ರುತ್ತೊ’ ಅಂತಲೂ ಕೇಳಿ, ಮಾಂಸದ ಕಟ್ಟು ಮತ್ತು ಹಂದಿ ಕೊಬ್ಬು ಬೇಡ ಅಂತ. ಪ್ಲಮ್ ಹಣ್ಣು ತುಂಬಿದ ಆಲೂಗಡ್ಡೆ ಕಡುಬು, ನ್ಯೊಕ್ಕಿ ದಿ ಸುಸೀನೆ, ಮಾಂಸ ಇಲ್ಲದ್ದು, ಮೊಟ್ಟೆ ಹಾಕಿದಾರಾ ಅಂತ ಮಾತ್ರ ಕೇಳಿ ತಿನ್ನಿ. ಕಾಫಿಗೆ ಇಲ್ಲಿ ಬೇರೆಯೇ ಭಾಷೆ: ‘ನೇರೊ’ ಅಂದ್ರೆ ಎಸ್ಪ್ರೆಸೊ, ‘ಕಾಪೊ’ ಅಂದ್ರೆ ಸ್ವಲ್ಪ ಹಾಲಿನದ್ದು, ‘ಕಾಪೊ ಇನ್ ಬಿ’ ಅಂದ್ರೆ ಅದೇ ಸಣ್ಣ ಗಾಜಿನ ಲೋಟದಲ್ಲಿ. ದೊಡ್ಡ ಕಪ್ ಹಾಲು ಕಾಫಿ ಬೇಕಾದ್ರೆ ‘ಕಾಫೆಲಾತ್ತೆ’. ನಮ್ಮ ದೇಶದ ಕಾಫಿ ಅತಿ ಹೆಚ್ಚು ಕೊಳ್ಳೋದು ಇಟಲಿನೇ, ಕೊಡಗಿನ ರೊಬಸ್ಟಾ ಈ ಬಂದರಲ್ಲೂ ಇಳಿಯುತ್ತೆ, ಅಣ್ಣಂಗೆ ಹೇಳಿ ಖುಷಿ ಪಡ್ತಾನೆ.

ಕೊನೇ ದಿನ ಸ್ಲೊವೇನಿಯಾ. ಪೂಲಾ ಬಿಡಿ, ಒಂದು ಕಡೆಗೇ ಎರಡು ಗಂಟೆ, ದೊಡ್ಡಮ್ಮ ಸುಸ್ತಾಗ್ತಾರೆ. ಬಸ್ಸಲ್ಲಿ ಕೋಪರ್, ಅಲ್ಲಿಂದ ಪಿರಾನ್. ಬೋರ್ಡುಗಳಲ್ಲಿ ಎರಡೂ ಹೆಸರು ಇರುತ್ತೆ, ಕೋಪರ್-ಕಾಪೊದಿಸ್ತ್ರಿಯಾ, ಪಿರಾನ್-ಪಿರಾನೊ, ಗಾಬರಿ ಬೇಡ. ಭಾನುವಾರ ಬಸ್ಸು ಕಮ್ಮಿ, ವಾರದ ದಿನ ಇಟ್ಕೊಳ್ಳಿ. ಅಣ್ಣ ಕಾರು ಬಾಡಿಗೆಗೆ ತಗೋತೀನಿ ಅಂದ್ರೆ ಇಲ್ಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಬೇಕು, ಗಡಿ ದಾಟೋ ಮುಂಚೆ ಸ್ಲೊವೇನಿಯಾ ಹೆದ್ದಾರಿಗೆ ಇ-ವಿನ್ಯೆಟ್ ಅನ್ನೋ ಟೋಲ್ ಪಾಸ್ ಆನ್‌ಲೈನಲ್ಲಿ ಕೊಳ್ಳಬೇಕು. ಗಡಿಯಾಚೆ ರಸ್ತೆ ಶುರುವಾಗ್ತಿದ್ದ ಹಾಗೇ ಅದು ಬೇಕು, ಇಲ್ಲದಿದ್ರೆ ದಂಡ 300 ಯೂರೊದಿಂದ ಮೇಲೆ. ಪಿರಾನ್ ಒಳಗೆ ಹೊರಗಿನವರ ಕಾರು ಬಿಡಲ್ಲ, ಫೊರ್ನಾಚೆ ಗ್ಯಾರೇಜಲ್ಲಿ ನಿಲ್ಲಿಸಿ ಅಲ್ಲಿಯ ಬಸ್ ಹತ್ತಿ. ಅಣ್ಣನ ಲೈಸೆನ್ಸ್ ಅವಧಿ ಇನ್ನೂ ಇದೆಯಾ ನೋಡಿ ಇವತ್ತೇ ಹೇಳಿ, ಮುಗಿದಿದ್ರೆ ಮೊದಲು ಅದನ್ನ ರಿನ್ಯೂ ಮಾಡಿಸ್ಬೇಕು.